ಅಂಗೈಯಗಲ ಕೊಳೆ

ಚೊಕ್ಕಟಕ್ಕ ಒಳ್ಳೆಯ ಹೆಂಗಸು. ತೊಂದರೆ ಶುರುವಾದದ್ದೇ ಅಲ್ಲಿಂದ. ಸ್ವಲ್ಪ ಮೈಗಳ್ಳಿಯಾಗಿದ್ದಿದ್ದರೂ ಸಾಕಿತ್ತು, ಅವತ್ತು ಎಲ್ಲರಿಗಿಂತ ಮುಂಚೆ ಬಂಗಲೆಗೆ ಬರುತ್ತಿರಲಿಲ್ಲ. ಬಂದರೂ ನೆಲ ಒರೆಸಿ ಸುಮ್ಮನಾಗುತ್ತಿದ್ದಳು. ದಿವಾನಖಾನೆಯ ಅಗ್ಗಿಷ್ಟಿಕೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಕೊಳೆ ಉಳಿದಿರುವುದನ್ನು ಕಂಡು, "ಅಯ್ಯೋ, ಇಷ್ಟು ಚೆಂದ ಮಾಡಿ ಇದೊಂದನ್ನ ಬಿಟ್ಬಿಟ್ಟಿದಾರಲ್ಲ, ಪಾಪ" ಎಂದು ಮರುಗಿ, ಸೋಪು ನೀರು ತಂದು, ತೋಳು ಸೋಲುವ ತನಕ ತಿಕ್ಕಿ ತೊಳೆಯುತ್ತಿರಲಿಲ್ಲ.

ಆ ಕೊಳೆ ಯಾರೋ ಮರೆತು ಬಿಟ್ಟದ್ದಲ್ಲ. ಬೇಕೆಂದೇ ಬಿಟ್ಟದ್ದು. ಇಡೀ ಬಂಗಲೆಯಲ್ಲಿ ಅವತ್ತು ಜೋಪಾನ ಮಾಡಬೇಕಾದ ವಸ್ತು ಅಂತ ಒಂದಿದ್ದರೆ ಅದೇ.

ಬಂಗಲೆ ವಿಕ್ಟೋರಿಯಾ ರಾಣಿಯ ಕಾಲದ್ದು. ಕಟ್ಟಿಸಿದವರು ಹೋಗಿ, ಅವರ ಮಕ್ಕಳು ಹೋಗಿ, ಬಾಡಿಗೆಗಿದ್ದವರು ಹೋಗಿ, ಕೊನೆಗೆ ಬಾವಲಿಗಳೂ ಬೇಸತ್ತು ಹೋದ ಮೇಲೆ ಹಳೆಯ ಕಟ್ಟಡಗಳ ಸಮಿತಿಯವರು ಅದನ್ನು ವಹಿಸಿಕೊಂಡಿದ್ದರು. ಒಳಗಿನ ಕೋಣೆಗಳೆಲ್ಲ ಗೃಹಪ್ರವೇಶದ ದಿನ ಹೇಗಿದ್ದವೋ ಹಾಗೇ ಆಗಬೇಕು ಎಂಬುದು ಅವರ ಹಟ. ದಿವಾನಖಾನೆಯ ಛಾವಣಿಯಲ್ಲಿ ಗಾರೆಯಲ್ಲಿ ಮಾಡಿದ ದ್ರಾಕ್ಷಿ ಗೊಂಚಲು, ಗೋಡೆ ತುಂಬ ಕೈಯಲ್ಲಿ ಬರೆದ ಹಸಿರು ಬಳ್ಳಿ, ಸೊಂಟದೆತ್ತರದವರೆಗೆ ಬಡ ಮರಕ್ಕೆ ಶ್ರೀಮಂತ ಮರದ ಗೆರೆ ಬರೆದು ಮಾಡಿದ ಹಲಗೆ. ಇಷ್ಟರ ಮೇಲೂ ಅಗ್ಗಿಷ್ಟಿಕೆಯ ಹೊಗೆ, ದೀಪದ ಮಸಿ, ದೊಡ್ಡವರು ಸೇದಿ ಬಿಟ್ಟ ಚುಟ್ಟದ ಹೊಗೆ, ಎಲ್ಲ ಸೇರಿ ಒಂದು ಬೆರಳು ದಪ್ಪ ಕೂತಿತ್ತು. ಅದನ್ನು ನೀರಲ್ಲಿ ಅದ್ದಿದ ಹತ್ತಿಯ ಉಂಡೆಯಿಂದ ಒಂದೊಂದೇ ಎಲೆ, ಒಂದೊಂದೇ ಹಣ್ಣು ಎಂದು ಬಿಡಿಸಿ ತೆಗೆಯಬೇಕು. ಮಗುವಿನ ಕಿವಿ ಒರೆಸುವಾಗ ಎಷ್ಟು ಹುಷಾರು ಬೇಕೋ ಅಷ್ಟು ಹುಷಾರು ಬೇಕು.

ಈ ಕೆಲಸದಲ್ಲಿ ಒಂದು ನಿಯಮ. ಗೋಡೆಯನ್ನು ಎಷ್ಟೇ ಶುಚಿ ಮಾಡಿ, ಒಂದು ಕಡೆ ಅಂಗೈಯಗಲ ಜಾಗವನ್ನು ಮುಟ್ಟದೆ ಹಾಗೇ ಬಿಡಬೇಕು. ಮೊದಲು ಗೋಡೆ ಹೇಗಿತ್ತು, ನೀವು ಬಂದು ಏನು ಮಾಡಿದಿರಿ ಎಂಬುದಕ್ಕೆ ಅದೇ ಪುರಾವೆ. ಕೆಲಸದವರು ಅದನ್ನು ಸಾಕ್ಷಿ ಎನ್ನುತ್ತಾರೆ. ಸಾಕ್ಷಿ ಇಲ್ಲದ ಕೋಣೆಯನ್ನು ಸಮಿತಿ ಪಾಸು ಮಾಡುವುದಿಲ್ಲ. ಸಮಿತಿಯ ಮೇಡಂ ಪರೀಕ್ಷೆಗೆ ಬರುವುದು ಅವತ್ತೇ, ಮಧ್ಯಾಹ್ನದ ಮೇಲೆ.

ಈ ಕೋಣೆಯ ಕೆಲಸವನ್ನು ಒಬ್ಬನೇ ನಿಂತು ಮುಗಿಸಿದವನು ಮೇಸ್ತ್ರಿಯ ಅಳಿಯ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಮದುವೆಯಾಗಿ ಮಾವನ ಕೈಕೆಳಗೆ ಕೆಲಸಕ್ಕೆ ಸೇರಿದ ದಿನವೇ ಅದು ಸವೆದುಹೋಯಿತು. ಬಡಗಿಗೂ ಅವನು ಅಳಿಯಂದ್ರು, ಗೇಟು ಕಾಯುವ ತಾತನಿಗೂ ಅಳಿಯಂದ್ರು, ಬಣ್ಣದ ಅಂಗಡಿಯವನಿಗೂ ಅಳಿಯಂದ್ರು. ಒಂದು ಮನೆಗೆ ಅಳಿಯನಾದರೆ ಮರ್ಯಾದೆ. ಇಡೀ ಊರಿಗೇ ಅಳಿಯನಾದರೆ ಅದಕ್ಕೆ ಏನೆನ್ನಬೇಕೋ ಅವನಿಗೇ ತಿಳಿಯುತ್ತಿರಲಿಲ್ಲ.

ಇನ್ನು ಆ ಮಾವ. ಊರಿನ ಹಳೆಯ ಕಟ್ಟಡಗಳನ್ನೆಲ್ಲ ಅವರೇ ಸರಿ ಮಾಡಿದ್ದು. ಪ್ರಾಮಾಣಿಕ ಮನುಷ್ಯ ಎಂದು ದೊಡ್ಡ ಹೆಸರು. ಬ್ರಶ್ಶು ಹಿಡಿಯುವುದು ಹೇಗೆ, ಏಣಿ ಹತ್ತುವುದು ಹೇಗೆ, ಗೋಡೆಯ ಹತ್ತಿರ ಸೀನು ಬಂದರೆ ಯಾವ ಕಡೆ ತಿರುಗುವುದು, ಎಲ್ಲಕ್ಕೂ ಬುದ್ಧಿಮಾತು. ಎಲ್ಲ ಬುದ್ಧಿಮಾತಿಗೂ ಒಂದೇ ಮುಕ್ತಾಯ: "ಅಳಿಯಂದ್ರೇ, ಕೆಲಸದಲ್ಲಿ ಮೋಸ ಇರಬಾರ್ದು. ಗೋಡೆ ನೋಡ್ತಾ ಇರತ್ತೆ." ಗೋಡೆ ನೋಡುವುದಕ್ಕೆ ಅಳಿಯನ ತಕರಾರೇನೂ ಇರಲಿಲ್ಲ. ಮಾವ ನೋಡುವುದೇ ಅವನಿಗೆ ಕಷ್ಟವಾಗಿತ್ತು.

ಈಗ ಮಾವನಿಗೆ ಮಂಡಿ ನೋವು, ಏಣಿ ಹತ್ತಲಾಗದು. "ದಿವಾನಖಾನೆ ನಿಮ್ಮ ಅಳಿಯ ಮಾಡಲಿ. ಪಾಸಾದರೆ ಮೇಲಿನ ಮಹಡಿ ಪೂರ್ತಿ ಅವರಿಗೇ. ನೀವು ಆರಾಮಾಗಿ ಮನೇಲಿರಿ" ಎಂದು ಮೇಡಂ ಹೇಳಿದ್ದರು. ಮಾವ ಆಗಲಿ ಎಂದಿದ್ದರು. ಅಂದರೆ ಇವತ್ತು ಕೋಣೆ ಪಾಸಾದರೆ ಅಳಿಯ ಮೇಸ್ತ್ರಿಯಾಗುತ್ತಾನೆ. ಅವನು ಹೇಗೆ ಸೀನಿದರೂ ಕೇಳುವವರಿಲ್ಲ. ಇದನ್ನು ನೆನೆದು ಅವನಿಗೆ ಮೂರು ರಾತ್ರಿಯಿಂದ ಖುಷಿಗೆ ನಿದ್ದೆ ಬಂದಿರಲಿಲ್ಲ.

ಅಂಥ ಖುಷಿಯಲ್ಲೇ ಅವನು ಇಸ್ತ್ರಿ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತ ದಿವಾನಖಾನೆಯೊಳಗೆ ಕಾಲಿಟ್ಟ. ಕೋಣೆ ಫಳಫಳ ಹೊಳೆಯುತ್ತಿತ್ತು. ಛಾವಣಿ ನೋಡಿದ, ಬಳ್ಳಿ ನೋಡಿದ, ಹಲಗೆ ನೋಡಿದ, ಎದುರು ಗೋಡೆಯ ನಿಲುವುಗನ್ನಡಿಯಲ್ಲಿ ತನ್ನ ಇಸ್ತ್ರಿ ಅಂಗಿಯನ್ನೂ ನೋಡಿಕೊಂಡ. ಅಗ್ಗಿಷ್ಟಿಕೆಯ ಪಕ್ಕಕ್ಕೆ ನೋಡಿದ. ಸಿಳ್ಳೆ ನಿಂತಿತು.

"ಎಲ್ಲಿ?" ಎಂದ. ಯಾರನ್ನು ಕೇಳಿದನೋ ಅವನಿಗೇ ಗೊತ್ತಿಲ್ಲ.

ಬಕೆಟ್ಟಿನ ಹಿಂದಿನಿಂದ ಚೊಕ್ಕಟಕ್ಕ ನಗುತ್ತ ಎದ್ದಳು. "ಹೇಳ್ಬೇಡಿ ಅಳಿಯಂದ್ರೇ, ಥ್ಯಾಂಕ್ಸೆಲ್ಲ ಏನೂ ಹೇಳ್ಬೇಡಿ. ನಿಮ್ಮ ಮಾನ ಹೋಗೋದು ನಂಗೆ ನೋಡೋಕಾಗತ್ತಾ? ಮೇಡಂ ಬರೋ ದಿನ, ಕಣ್ಣಿಗೆ ಹೊಡೆಯೋ ಹಾಗೆ ಅಷ್ಟು ಕೊಳೆ! ಒಂದೇ ಏಟಿಗೆ ಹೋಯ್ತು ಅನ್ಕೋಬೇಡಿ. ಅರ್ಧ ಸೋಪು ಕರಗಿತು."

ಅಳಿಯ ಅಲ್ಲೇ ಇದ್ದ ಪುಟ್ಟ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತ. "ಅಕ್ಕಾ, ಅದು ಕೊಳೆ ಅಲ್ಲಕ್ಕಾ..."

"ಕೊಳೆ ಅಲ್ಲದೆ ಇನ್ನೇನು? ನೀರು ನೋಡಿ ಹೆಂಗಾಗಿದೆ!" ಎಂದು ಅವಳು ಬಕೆಟ್ಟು ತಂದು ತೋರಿಸಿದಳು. ಅಷ್ಟು ವರ್ಷದ ಚರಿತ್ರೆಯೆಲ್ಲ ಅದರಲ್ಲಿ ನೊರೆಯಾಗಿ ತೇಲುತ್ತಿತ್ತು.

ಸಾಕ್ಷಿ ಎಂದರೇನೆಂದು ಅವನು ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಭ್ಯಾಸಬಲದಿಂದ ಅದೇ ಸೆರಗಿನಿಂದ ಏಣಿಯನ್ನೂ ಒಂದಿಷ್ಟು ಒರೆಸಿದಳು.

ಗದ್ದಲ ಕೇಳಿ ಬಡಗಿ ಬಂದ. ಊರಲ್ಲಿ ಯಾರಿಗೆ ಏನೇ ಕಷ್ಟ ಬಂದರೂ ಬಡಗಿಯ ಬಳಿ ಅದಕ್ಕೆ ಪರಿಹಾರ ಇರುತ್ತಿತ್ತು. ಅದರಿಂದ ಯಾರ ಕಷ್ಟವೂ ಈವರೆಗೆ ಪರಿಹಾರವಾಗಿರಲಿಲ್ಲ, ಅದು ಬೇರೆ ಮಾತು.

"ಇಷ್ಟೇನಾ? ಕೊಳೆ ತಾನೇ? ಹಚ್ಚಿದ್ರಾಯ್ತು. ಕೊಳೆ ಮಾಡೋದೇನು ಬ್ರಹ್ಮವಿದ್ಯೆನಾ? ನಮ್ಮನೇಲಿ ಮಕ್ಕಳು ಕಣ್ಣುಮುಚ್ಚಿ ಬಿಡೋದ್ರಲ್ಲಿ ಮಾಡ್ತಾವೆ."

"ಅದು ನೂರು ವರ್ಷದ ಕೊಳೆ ಕಣಯ್ಯಾ."

"ಅದಕ್ಕೇ ಮರದ ಪುಡಿ. ಹಳೇ ಮರದ್ದು. ನನ್ನ ಹತ್ರ ಇದೆ."

ಮರದ ಪುಡಿಯನ್ನು ವಾರ್ನಿಷಿನಲ್ಲಿ ಕಲಸಿ ಬಡಗಿ ಗೋಡೆಗೆ ಬಳಿದ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಗೋಡೆಗೆ ಯಾರೋ ಬಿಸ್ಕತ್ತು ಅಂಟಿಸಿದಂತಿತ್ತು. ನೋಡುತ್ತಿದ್ದಂತೆಯೇ ಆ ಬಿಸ್ಕತ್ತು ಮೆಲ್ಲಗೆ ಜಾರತೊಡಗಿ, ಹಲಗೆಯ ಅಂಚಿಗೆ ಬಂದು ಒಂದು ಕ್ಷಣ ಯೋಚಿಸಿ, ತಪ್ಪೆಂದು ನೆಲಕ್ಕೆ ಬಿತ್ತು. ಚೊಕ್ಕಟಕ್ಕ ಓಡಿಬಂದು ನೆಲ ಒರೆಸಿದಳು. ಗೋಡೆ ಮೊದಲಿನಷ್ಟೇ ಶುಭ್ರವಾಗಿ ಹೊಳೆಯಿತು.

"ವಿಚಿತ್ರ. ಹಿಡೀತಿಲ್ಲ" ಎಂದ ಬಡಗಿ.

ಅಷ್ಟು ಹೊತ್ತಿಗೆ ಗೇಟಿನ ತಾತ ಬಂದಿದ್ದ. ಗೇಟು ಕಾಯುವುದನ್ನು ಬಿಟ್ಟು ಮಿಕ್ಕೆಲ್ಲ ಕೆಲಸದಲ್ಲೂ ತಾತನಿಗೆ ಆಸಕ್ತಿ. "ಲೋ ಹುಡುಗ್ರಾ, ಹಳೇ ಕಾಲದ ಕೊಳೆ ಅಂದ್ರೆ ಹೊಗೆ ಕಣ್ರೋ. ಹಚ್ಚಿದ್ರೆ ಬರಲ್ಲ, ಹಿಡಿಸ್ಬೇಕು" ಎಂದು ಒಂದು ಸಿಗರೇಟು ಹಚ್ಚಿ, ಗೋಡೆಗೆ ಮುಖ ಕೊಟ್ಟು ನಿಂತು ಊದಿದ. ಇನ್ನೊಂದು ಹಚ್ಚಿ ಊದಿದ. ಮೂರನೆಯದಕ್ಕೆ ಕೆಮ್ಮು ಹತ್ತಿ, ಗೋಡೆಯ ಬದಲು ತಾತನೇ ನೇರಳೆ ಬಣ್ಣಕ್ಕೆ ತಿರುಗಿದ. ಬಡಗಿ ಬೆನ್ನು ತಟ್ಟಿದ, ಚೊಕ್ಕಟಕ್ಕ ನೀರು ಕುಡಿಸಿದಳು.

ಉಸಿರು ತಿರುಗಿದ ಕೂಡಲೆ ತಾತ ಕೈಯೆತ್ತಿ ಅಗ್ಗಿಷ್ಟಿಕೆಯನ್ನು ತೋರಿಸಿದ. "ಅದನ್ನ ಹಚ್ರೋ. ಮೊದಲು ಕೊಳೆ ಆಗಿದ್ದು ಅದರಿಂದ್ಲೇ ತಾನೇ?"

ಈ ಮಾತಿನಲ್ಲಿ ನ್ಯಾಯವಿದೆ ಎಂದು ಎಲ್ಲರಿಗೂ ಅನಿಸಿತು. ಅಳಿಯನಿಗೆ ಅನಿಸಬಾರದಿತ್ತು, ಅವನಿಗೂ ಅನಿಸಿತು. ಮುಳುಗುವವನಿಗೆ ಯಾರ ಕೈಯಾದರೇನು? ಬಡಗಿ ಕಟ್ಟಿಗೆಯ ಚೂರು ತಂದ. ತಾತ ಬೆಂಕಿ ಕೊಟ್ಟ. "ಸ್ವಲ್ಪ ಹೊಗೆ ಸಾಕು" ಎಂದು ಅಳಿಯ ಹೇಳಿದ್ದನ್ನು ಬೆಂಕಿ ಕೇಳಿಸಿಕೊಳ್ಳಲಿಲ್ಲ.

ಹೊಗೆ ಮೇಲೆ ಹೋಗಲು ಒಂದು ಗೂಡು ಇರುತ್ತದೆ, ಅದು ಛಾವಣಿಯ ಮೇಲಕ್ಕೆ ತೆರೆದಿರಬೇಕು. ಇಲ್ಲಿ ಆ ಗೂಡಿನೊಳಗೆ ಪಾರಿವಾಳಗಳು ತಮ್ಮದೇ ಇನ್ನೊಂದು ಗೂಡು ಕಟ್ಟಿ ಬಾಯಿ ಮುಚ್ಚಿಬಿಟ್ಟಿದ್ದವು. ಮೇಲೆ ಹೋದ ಹೊಗೆ ದಾರಿ ಕಾಣದೆ ಅಷ್ಟೇ ರಭಸದಿಂದ ಕೆಳಗಿಳಿದು ದಿವಾನಖಾನೆಗೆ ನುಗ್ಗಿತು. ನಾಲ್ವರೂ ಕೆಮ್ಮುತ್ತ, ಒಬ್ಬರನ್ನೊಬ್ಬರು ತುಳಿಯುತ್ತ ಕಿಟಕಿಗಳ ಕಡೆ ಓಡಿದರು. ಬಡಗಿ ಕಿಟಕಿ ಎಂದು ಬೀರುವಿನ ಬಾಗಿಲು ತೆಗೆದು ಅದರೊಳಗೆ ತಲೆ ಹಾಕಿ, "ಗಾಳಿ ಬರ್ತಾ ಇಲ್ಲ, ಗಾಳಿ ಬರ್ತಾ ಇಲ್ಲ" ಎಂದು ಕೂಗುತ್ತಿದ್ದ. ಅಳಿಯ ಬಕೆಟ್ಟಿನಲ್ಲಿದ್ದ ಚರಿತ್ರೆಯನ್ನೇ ಎತ್ತಿ ಬೆಂಕಿಗೆ ಸುರಿದ.

ಹೊಗೆ ತಿಳಿಯಾದ ಮೇಲೆ ನೋಡಿದರೆ, ಛಾವಣಿಯ ದ್ರಾಕ್ಷಿ ನಿಜಕ್ಕೂ ಕಪ್ಪು ದ್ರಾಕ್ಷಿಯಾಗಿತ್ತು. ಬಳ್ಳಿಯ ಮೇಲಂಚು ಮಸಿ ಹಿಡಿದಿತ್ತು. ತಾತನ ಬಿಳಿ ಮೀಸೆ ಕಪ್ಪಾಗಿ ಅವನಿಗೆ ಹರೆಯ ಬಂದಿತ್ತು. ಕಪ್ಪಾಗದೆ ಉಳಿದದ್ದು ಇಡೀ ಕೋಣೆಯಲ್ಲಿ ಒಂದೇ ಒಂದು ಜಾಗ. ಅಗ್ಗಿಷ್ಟಿಕೆಯ ಪಕ್ಕದ ಆ ಅಂಗೈಯಗಲ ಚೌಕ ಮಾತ್ರ ಈಗಷ್ಟೇ ಸ್ನಾನ ಮಾಡಿ ಬಂದಂತೆ ಮಿನುಗುತ್ತಿತ್ತು.

"ಅಕ್ಕಾ, ಆ ಗೋಡೆಗೆ ಇನ್ನೇನಾದ್ರೂ ಹಾಕಿದ್ಯಾ?" ಅಳಿಯ ಅಳುವುದೊಂದು ಬಾಕಿ.

"ಸ್ವಲ್ಪ ಮೇಣ ಉಜ್ಜಿದ್ದೆ" ಎಂದಳು ಅವಳು, ಮೆಲ್ಲಗೆ. "ಹೊಳೀಲಿ ಅಂತ."

ಅಳಿಯ ದೊಡ್ಡ ಏಣಿ ನಿಲ್ಲಿಸಿ, ಇಸ್ತ್ರಿ ಅಂಗಿಯ ತೋಳು ಮಡಚಿ, ಹತ್ತಿಯ ಉಂಡೆ ಹಿಡಿದು ಛಾವಣಿಯವರೆಗೆ ಹತ್ತಿದ. ಕಪ್ಪು ಇನ್ನೂ ಹಸಿಯಾಗಿದ್ದುದು ಪುಣ್ಯ, ಒರೆಸಿದಂತೆ ಬರುತ್ತಿತ್ತು. ಆದರೆ ಅವನ ಕೈ ಮೊಣಕೈಯವರೆಗೆ ಮಸಿಯಾಯಿತು. ಮೇಲೆ ಕೊಳೆ ತೆಗೆಯುವುದು, ಕೆಳಗೆ ಕೊಳೆ ಆಗಲೆಂದು ಹಾರೈಸುವುದು. ಇಂಥ ಬಾಳು ಶತ್ರುವಿಗೂ ಬೇಡ ಎಂದು ಅವನು ಮನಸಾರೆ ಅಂದುಕೊಂಡ.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಪಾಸಾಯ್ತಾ?"

"ಮೇಡಂ ಇನ್ನೂ ಬಂದಿಲ್ಲ ಕಣೇ."

"ಯಾಕ್ರೀ ದನಿ ಹಂಗಿದೆ? ಅತ್ತಿಗೆಗೆಲ್ಲ ಹೇಳ್ಬಿಟ್ಟಿದೀನಿ ನೀವು ಮೇಸ್ತ್ರಿ ಆದ್ರಿ ಅಂತ."

"ಆಗಿಲ್ಲ ಇನ್ನೂ!"

"ಅದೇ, ಸಾಯಂಕಾಲದ ಹೊತ್ತಿಗೆ ಆಗ್ತೀರಲ್ಲ. ಏನಾಯ್ತು ಹೇಳಿ. ನನ್ನಾಣೆ, ಹೇಳಿ."

ಹೇಳಿದ. ಏಣಿಯ ತುದಿಯಲ್ಲಿ ನಿಂತ ಮನುಷ್ಯನಿಗೆ ಸುಳ್ಳು ಹೇಳಲು ಬೇಕಾದ ಧೈರ್ಯ ಇರುವುದಿಲ್ಲ.  "ಅಪ್ಪಂಗೆ ಹೇಳ್ತೀನಿ" ಎಂದಳು ಹೆಂಡತಿ.

"ಬೇಡ! ಕಾಲಿಗೆ ಬೀಳ್ತೀನಿ, ಅವ್ರಿಗೆ ಮಾತ್ರ ಬೇಡ!" ಎಂದು ಅವನು ಕಿರುಚಿದ. ಫೋನು ಆಗಲೇ ಕಟ್ಟಾಗಿತ್ತು.

ಅವನು ಕಣ್ಮುಚ್ಚಿ ದ್ರಾಕ್ಷಿಗೊಂಚಲಿಗೆ ಹಣೆ ಹಚ್ಚಿ ನಿಂತ. ಮಾವ ಬರುತ್ತಾರೆ. ಗೋಡೆ ನೋಡುತ್ತಾರೆ. ಮೊದಲು ನಿಟ್ಟುಸಿರು ಬಿಡುತ್ತಾರೆ, ಆ ನಿಟ್ಟುಸಿರೇ ಅರ್ಧ ಗಂಟೆಯದು. ಆಮೇಲೆ ಮೋಸದ ವಿಷಯಕ್ಕೆ ಬರುತ್ತಾರೆ. ಇದಕ್ಕಿಂತ ಕೆಳಗೆ ಬೀಳುವುದೇ ವಾಸಿ ಅನಿಸಿತು, ಏಣಿಯ ಎತ್ತರ ನೋಡಿ ಮನಸ್ಸು ಬದಲಾಯಿಸಿದ.

ಮಾವ ಬಂದರು. ಮಂಡಿ ಹಿಡಿದುಕೊಂಡು, ಕೋಲೂರಿಕೊಂಡು, ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿದರು. ಅಗ್ಗಿಷ್ಟಿಕೆಯ ಪಕ್ಕದ ಹೊಳೆಯುವ ಚೌಕವನ್ನು ನೋಡಿದರು. ಅಳಿಯ ಏಣಿಯ ಮೇಲೆ ನಿಟ್ಟುಸಿರಿಗೆ ಕಾದ.

ನಿಟ್ಟುಸಿರು ಬರಲಿಲ್ಲ. ಮಾವ ಕೋಲನ್ನು ಗೋಡೆಗೊರಗಿಸಿ, "ಎಲ್ರೂ ಆಚೆ ಹೋಗಿ" ಎಂದರು. ಅಳಿಯನೂ ಇಳಿಯಹೋದ. "ನೀವು ಮೇಲೇ ಇರಿ, ಛಾವಣಿ ಮುಗಿಸಿ. ಅಕ್ಕಾ, ತಣ್ಣಗಾಗಿರೋ ಗಟ್ಟಿ ಟೀ ಇದ್ರೆ ಒಂದು ಲೋಟ. ಹಾಲಿಲ್ದೇ ಇರೋದು. ಒಂದು ಸೀಮೆಎಣ್ಣೆ ದೀಪ. ಹಿಟ್ಟಿನ ಅಂಟು ಒಂದು ಚಮಚ. ಉಗ್ರಾಣದ ಮೇಲಿನ ಗೂಡಿಂದ ಧೂಳು ತಂದು ಬಟ್ಟೇಲಿ ಜರಡಿ ಹಿಡೀರಿ, ನುಣ್ಣಗಿರ್ಬೇಕು."

ಎಲ್ಲ ಬಂದವು. ಮಾವ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರು. ಮೊದಲು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೇಣ ತೆಗೆದರು. ಟೀಯಲ್ಲಿ ಅಂಟು ಕದಡಿ ತೆಳ್ಳಗೆ ಎಳೆದರು. ದೀಪದ ಮಸಿಯನ್ನು ತಟ್ಟೆಯ ಬೆನ್ನಿಗೆ ಹಿಡಿದು, ಹೆಬ್ಬೆರಳಿಂದ ತೆಗೆದು, ಕೂತಿದೆಯೋ ಇಲ್ಲವೋ ಎಂಬಂತೆ ಸವರಿದರು. ಮೇಲೆ ಧೂಳು ಊದಿದರು. ಒಂದು ಪದರ ಒಣಗಲು ಬಿಟ್ಟು ಮತ್ತೊಂದು ಪದರ. ಮೂಲೆಯಲ್ಲಿ ಒಂದಿಷ್ಟು ಹಳದಿ ಜಾಸ್ತಿ, ಕೆಳಗೆ ಒಂದಿಷ್ಟು ಕಪ್ಪು ಜಾಸ್ತಿ. ಕೊನೆಗೆ ಬ್ರಶ್ಶಿನಿಂದ ಒಂದೇ ಒಂದು ಕೂದಲು ಕಿತ್ತು, ಅದರ ತುದಿಯಿಂದ ಸಣ್ಣ ಚುಕ್ಕೆಗಳನ್ನಿಟ್ಟರು.

"ಅದೇನು ಮಾವ?"

"ನೊಣದ ಹಿಕ್ಕೆ" ಎಂದರು ಮಾವ, ತಲೆಯೆತ್ತದೆ. "ಅದಿಲ್ದಿದ್ರೆ ಯಾರೂ ನಂಬಲ್ಲ."

ಅಳಿಯ ಏಣಿಯಿಂದ ಇಳಿದು ಬಂದು ನೋಡಿದ.  ನಿಜವಾದ ಸಾಕ್ಷಿಗಿಂತ ಇದು ಹಳೆಯದಾಗಿ ಕಾಣುತ್ತಿತ್ತು. ಇಷ್ಟು ವರ್ಷ ಈ ಮನುಷ್ಯನನ್ನು ಮನಸ್ಸಿನಲ್ಲಿ ಎಷ್ಟು ಬೈದುಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬದುಕಿಡೀ ಮೋಸ ಕೂಡದು ಎನ್ನುತ್ತಿದ್ದವರು, ಅಳಿಯನ ಮಾನ ಉಳಿಸಲೆಂದು, ಇವತ್ತು ಮೊದಲ ಬಾರಿಗೆ ತಮ್ಮ ವ್ರತ ಮುರಿದಿದ್ದಾರೆ! 

"ಮಾವ, ನಿಮ್ಮ ಋಣ ಹೇಗೆ ತೀರಿಸ್ಲಿ?"

"ಆಮೇಲೆ ನೋಡೋಣ. ನಾನು ಕೈ ತೊಳ್ಕೊಂಡು ಬರ್ತೀನಿ. ಅದು ಒಣಗೋ ತನಕ ಯಾರನ್ನೂ ಹತ್ರ ಬಿಡ್ಬೇಡಿ."

ಮಾವ ಹಿತ್ತಲಿಗೆ ಹೋದರು. ಅವರು ಆ ಕಡೆ ಹೋಗುವುದಕ್ಕೂ ಈ ಕಡೆಯಿಂದ ಚೊಕ್ಕಟಕ್ಕ ಲೋಟ ತೆಗೆದುಕೊಂಡು ಹೋಗಲು ಬರುವುದಕ್ಕೂ ಸರಿಹೋಯಿತು. ಅವಳ ಹೆಗಲ ಮೇಲೆ ಒದ್ದೆ ಬಟ್ಟೆ. ಅವಳ ಕಣ್ಣು ಗೋಡೆಯ ಮೇಲೆ ಬಿತ್ತು. ಅವಳು ಏನೂ ಮಾಡಬೇಕೆಂದು ಮಾಡಲಿಲ್ಲ, ಕೈ ತಾನಾಗಿಯೇ ಹೆಗಲಿಗೆ ಹೋಯಿತು.

"ಅಕ್ಕಾ!" ಎಂದು ಅಳಿಯ ಹಾರಿ ಗೋಡೆಗೆ ಅಡ್ಡ ನಿಂತ. ಒದ್ದೆ ಬಟ್ಟೆ ಅವನ ಮುಖದ ಮೇಲಿನ ಮಸಿಯನ್ನು ಅರ್ಧ ಒರೆಸಿಕೊಂಡು ಹೋಯಿತು.

ಅದೇ ಹೊತ್ತಿಗೆ ಗೇಟಿನ ತಾತ ಓಡಿಬಂದು, "ಮೇಡಂ ಬಂದ್ರು! ಹೇಳಿದ್ದಕ್ಕಿಂತ ಮುಂಚೆ ಬಂದ್ಬಿಟ್ರು!" ಎಂದ.

ಸಮಿತಿಯ ಮೇಡಂ ಗಟ್ಟಿಗಿತ್ತಿ. ಕೊರಳಲ್ಲಿ ಕನ್ನಡಕ, ಕೈಯಲ್ಲಿ ಭೂತಗಾಜು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಯಾಕೆಂದರೆ ಏಣಿ ಕಂಡರೆ ಅವರು ಹತ್ತದೆ ಬಿಡುತ್ತಿರಲಿಲ್ಲ. ಹತ್ತಿದರು. ದ್ರಾಕ್ಷಿ ಒಂದೊಂದನ್ನೂ ನೋಡಿದರು. "ಚೆನ್ನಾಗಿದೆ" ಎಂದರು. ಇಳಿದು ಬಳ್ಳಿ ನೋಡಿದರು. "ತುಂಬಾ ಚೆನ್ನಾಗಿದೆ." ಹಲಗೆಗೆ ಬರೆದ ಮರದ ಗೆರೆಯ ಮೇಲೆ ಬೆರಳಾಡಿಸಿ, "ಅಬ್ಬಾ, ನಿಜವಾದ ಮರವೇ ನಾಚಬೇಕು" ಎಂದರು. ಅಳಿಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟರಲ್ಲಿ ಮಾವನೂ ಶುಭ್ರವಾಗಿ ಕೈ ತೊಳೆದು, ತಲೆ ಬಾಚಿ, ಕೋಲೂರಿ ಬಂದು ಒಂದು ಪಕ್ಕದಲ್ಲಿ ವಿನಯದಿಂದ ನಿಂತರು.

"ಸಾಕ್ಷಿ ಎಲ್ಲಿದೆ?"

ಅಳಿಯ ತೋರಿಸಿದ.

ಮೇಡಂ ಬಗ್ಗಿ ಭೂತಗಾಜು ಹಿಡಿದರು. ನೋಡಿದರು. ಇನ್ನೂ ನೋಡಿದರು. ಮೂಗು ಹತ್ತಿರ ತಂದು ಮೂಸಿದರು. ಆಮೇಲೆ ಕಿರುಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ, ಆ ಬೆರಳನ್ನು ಬೆಳಕಿಗೆ ಹಿಡಿದರು. ಬೆರಳ ತುದಿ ಕಪ್ಪಾಗಿತ್ತು.

"ಹಸಿ ಇದೆ" ಎಂದರು.

ಚೊಕ್ಕಟಕ್ಕ ಹೆಗಲ ಮೇಲಿನ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಕೊನೆಗೂ ಸಿಕ್ಕಿಬಿದ್ರಲ್ಲ" ಎಂದು ಮೇಡಂ ಮೆಲ್ಲಗೆ ನಕ್ಕರು. ಆ ನಗು ಒಳ್ಳೆಯದಲ್ಲ ಎಂದು ಅಳಿಯನಿಗೆ ತಿಳಿಯಿತು. "ಎಷ್ಟು ವರ್ಷದಿಂದ ಹುಡುಕ್ತಾ ಇದೀನಿ ಗೊತ್ತಾ? ಜಡ್ಜರ ಬಂಗಲೇಲಿ ನೋಡಿದೆ, ದೊಡ್ಡ ಆಸ್ಪತ್ರೆಯ ಮುಂದಿನ ಹಜಾರದಲ್ಲಿ ನೋಡಿದೆ, ಹಳೇ ಶಾಲೇಲಿ ನೋಡಿದೆ. ಎಲ್ಲಾ ಕಡೆ ಸಾಕ್ಷಿ ಅಂದ್ರೆ ಇದೇ ಕೊಳೆ. ಇದೇ ಟೀ ವಾಸನೆ. ಎಡಗಡೆ ಮೂರು ನೊಣದ ಚುಕ್ಕೆ, ಬಲಗಡೆ ಒಂದು. ಜಡ್ಜರ ಮನೇಲೂ ಮೂರು ಮತ್ತೊಂದು. ಆಸ್ಪತ್ರೇಲೂ ಮೂರು ಮತ್ತೊಂದು. ನೂರು ವರ್ಷದ ಹಿಂದೆ ಈ ಊರಲ್ಲಿ ಇದ್ದಿದ್ದು ಒಂದೇ ನೊಣಾನಾ? ಅದೂ ಲೆಕ್ಕ ಇಟ್ಕೊಂಡು ಕೂರೋ ನೊಣ?"

ಅಳಿಯ ಮೆಲ್ಲಗೆ ಮಾವನ ಕಡೆ ತಿರುಗಿದ. ಮಾವ ಛಾವಣಿಯ ದ್ರಾಕ್ಷಿಗೊಂಚಲನ್ನು ತದೇಕಚಿತ್ತದಿಂದ ನೋಡುತ್ತಿದ್ದರು.

"ಎಲ್ಲಾ ಒಣಗಿದ ಮೇಲೆ ನೋಡ್ತಿದ್ದೆ, ಯಾರ ಕೈ ಅಂತ ಹಿಡಿಯೋಕಾಗ್ತಿರಲಿಲ್ಲ" ಎಂದು ಮೇಡಂ ಮುಂದುವರಿಸಿದರು. "ಗುಂಪಿನಲ್ಲಿ ಯಾರೋ ಒಬ್ಬ ಅವಸರಕ್ಕೆ ಎಲ್ಲಾ ಒರೆಸಿಬಿಟ್ಟು, ಆಮೇಲೆ ಮೇಸ್ತ್ರಿಗಳ ಕಣ್ಣು ತಪ್ಪಿಸಿ ಹೀಗೆ ಮಾಡ್ತಿದಾನೆ ಅಂತ ಮಾತ್ರ ಗೊತ್ತಿತ್ತು. ಇವರಂಥ ಸತ್ಯವಂತರಿಗೆ ಹೇಳಿದ್ರೆ ಎದೆ ಒಡೆದು ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ" ಎನ್ನುತ್ತ ಅವರು ಅಳಿಯನ ಕೈಗಳನ್ನು ನೋಡಿದರು. ಮೊಣಕೈಯವರೆಗೆ ಮಸಿ. ಮಾವನ ಕೈಗಳನ್ನು ನೋಡಿದರು. ಸೋಪಿನ ಪರಿಮಳ ಬರುತ್ತಿತ್ತು.

"ನೀವೇ ಅಲ್ವಾ?" ಎಂದು ಅಳಿಯನನ್ನೇ ಕೇಳಿದರು.

ಅಳಿಯ ಬಾಯಿ ತೆರೆದ. ಹಳೇ ಶಾಲೆಯ ಕೆಲಸ ನಡೆದಾಗ ಅವನು ಅದೇ ಶಾಲೆಯಲ್ಲಿ ಲೆಕ್ಕ ತಪ್ಪಿ ಬೆಂಚಿನ ಮೇಲೆ ನಿಂತಿದ್ದ. ಹೇಳಲು ಒಂದೇ ಮಾತು ಸಾಕಿತ್ತು. ಆಗ ಮಾವ ದ್ರಾಕ್ಷಿಯಿಂದ ಕಣ್ಣಿಳಿಸಿ ಅವನನ್ನು ನೋಡಿದರು. ಆ ಕಣ್ಣಲ್ಲಿ ಬುದ್ಧಿಮಾತು ಇರಲಿಲ್ಲ. ಎರಡೂ ಕಣ್ಣು ತುಂಬಿ, ಗದ್ದ ಚಿಕ್ಕ ಮಗುವಿನದರಂತೆ ಅದುರುತ್ತಿತ್ತು. ಅಪ್ಪ ಎಂದರೆ ಪ್ರಾಣ ಬಿಡುವ ಹೆಂಡತಿಯ ಮುಖ ಅಳಿಯನ ಕಣ್ಮುಂದೆ ಬಂತು. ಊರೆಲ್ಲ ಇವರಿಗೆ ಕೈಮುಗಿಯುವುದು ನೆನಪಾಯಿತು. ಈ ವಯಸ್ಸಿನಲ್ಲಿ ಇವರ ಹೆಸರಿಗೆ ಮಸಿ ಬಳಿದು ತಾನು ಮೇಸ್ತ್ರಿಯಾದರೆ ಆ ಮನೆಯಲ್ಲಿ ಊಟ ಗಂಟಲಿಳಿಯುವುದು ಹೇಗೆ?

"ತಪ್ಪಾಯ್ತು ಮೇಡಂ" ಎಂದ ಅಳಿಯ.

ಬಡಗಿ ಬಾಯಿಗೆ ಕೈ ಹಿಡಿದ. ಚೊಕ್ಕಟಕ್ಕ ಏನೋ ಹೇಳಹೋದಳು, ತಾತ ಅವಳ ಸೆರಗೆಳೆದು ಸುಮ್ಮನಾಗಿಸಿದ.

ಮೇಡಂ ಕಪ್ಪಾದ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. "ಒಪ್ಕೊಂಡ್ರಲ್ಲ, ಅದೊಂದು ಒಳ್ಳೇದು. ಕೆಲಸ ಕೂಡ ಒಳ್ಳೇದೇ. ಕೋಣೆಯನ್ನೇನೋ ಪಾಸು ಮಾಡ್ತೀನಿ." ಅವರು ಎದುರು ಗೋಡೆಗೆ ಹೋಗಿ, ಆಳೆತ್ತರದ ನಿಲುವುಗನ್ನಡಿಯನ್ನು ಪಕ್ಕಕ್ಕೆ ಸರಿಸಿದರು. ಅದರ ಹಿಂದೆ ಬಾಗಿಲಗಲ ಜಾಗದಲ್ಲಿ ಅಪ್ಪಟ ಹಳೆಯ ಕೊಳೆ ಗಟ್ಟಿಯಾಗಿ, ನೆಮ್ಮದಿಯಾಗಿ ಕೂತಿತ್ತು. "ಕನ್ನಡಿ ಹಿಂದೆ ಯಾವ ಕೆಲಸದವನೂ ಯಾವತ್ತೂ ಒರೆಸಲ್ಲ. ಇದೇ ಸಾಕ್ಷಿ ಆಗ್ಲಿ."

ಬೆಳಗಿನಿಂದ ನಾಲ್ಕು ಜನ ಪಟ್ಟ ಪಾಡನ್ನೆಲ್ಲ ಆ ಕೊಳೆ ಕನ್ನಡಿಯ ಹಿಂದೆ ಕೂತು ಕೇಳಿಸಿಕೊಂಡಿತ್ತು. ಅಳಿಯನಿಗೆ ಕೂರಬೇಕೆನಿಸಿತು, ಏಣಿ ದೂರವಿತ್ತು.

"ಆದರೆ ಮೇಲಿನ ಮಹಡಿ ನಿಮಗೆ ಕೊಡೋಕಾಗಲ್ಲ" ಎಂದರು ಮೇಡಂ, ಅವನ ಕಡೆ ತಿರುಗಿ. "ಇಂಥ ಕೈಯನ್ನ ಒಂಟಿಯಾಗಿ ಬಿಡಬಾರದು. ನಿಮ್ಮ ಮೇಲೆ ಸದಾ ಒಬ್ಬ ಪ್ರಾಮಾಣಿಕ ಮನುಷ್ಯನ ಕಣ್ಣಿರಬೇಕು." ಆಮೇಲೆ ಮಾವನಿಗೆ ಕೈಮುಗಿದು, "ಮೇಸ್ತ್ರಿಗಳೇ, ಮಂಡಿ ನೋವು ಅಂತ ಗೊತ್ತು. ನಿಮಗೆ ಕುರ್ಚಿ ಹಾಕಿಸ್ತೀನಿ. ಕೂತಲ್ಲೇ ಕೂತು ಇವರನ್ನ ನೋಡ್ಕೊಳ್ಳಿ ಸಾಕು. ನಿಮ್ಮಿಂದ ಎಷ್ಟು ದಿನ ಆಗುತ್ತೋ ಅಷ್ಟು ದಿನ, ದಯವಿಟ್ಟು ನಿವೃತ್ತಿ ಮಾತ್ರ ತಗೋಬೇಡಿ" ಎಂದರು.

ಮಾವ ಕಣ್ಣೊರೆಸಿಕೊಂಡರು. "ಆಗ್ಲಿ ಮೇಡಂ. ಹೆಣ್ಣು ಕೊಟ್ಟ ಮೇಲೆ ಇವರ ಜವಾಬ್ದಾರಿ ನನ್ನದೇ ಅಲ್ವಾ? ತಿದ್ದೋಣ. ನಿಧಾನವಾಗಿ ತಿದ್ದೋಣ."

ಮೇಡಂ ಹೋದರು. ಬಡಗಿ, ತಾತ, ಚೊಕ್ಕಟಕ್ಕ ಒಬ್ಬರ ಮುಖ ಒಬ್ಬರು ನೋಡುತ್ತ ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಳಿಯ ಸಿಂಕಿನಲ್ಲಿ ಮೊಣಕೈಯವರೆಗೆ ಸೋಪು ಹಚ್ಚಿ ಹಚ್ಚಿ ತೊಳೆದ, ಮಸಿ ಪೂರ್ತಿ ಹೋಗಲಿಲ್ಲ. ಮಾವ ಹಜಾರದಲ್ಲಿ ನಿಂತು ಫೋನಿನಲ್ಲಿ ಯಾರೊಂದಿಗೋ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವರು ಫೋನು ಇಟ್ಟ ಗಳಿಗೆಯಲ್ಲೇ ಅಳಿಯನ ಫೋನು ಬಡಿದುಕೊಂಡಿತು.

"ಏನ್ರೀ ಇದೆಲ್ಲಾ?" ಹೆಂಡತಿಯ ದನಿಯಲ್ಲಿ ಅಳು, ಕೋಪ ಎರಡೂ ಇದ್ದವು. "ಅಪ್ಪ ಎಲ್ಲಾ ಹೇಳಿದ್ರು. ನಿಮ್ಮನ್ನ ಕೆಲಸದಿಂದ ತೆಗೀಬೇಕು ಅಂತಿದ್ರಂತೆ ಮೇಡಂ, ಅಪ್ಪಾನೇ ಬೇಡ್ಕೊಂಡು ಉಳಿಸಿದ್ರಂತೆ! ನಿಮಗೋಸ್ಕರ ಆ ಮಂಡಿ ನೋವಲ್ಲೂ ರಿಟೈರ್ ಆಗೋದೇ ಬಿಟ್ರಂತಲ್ರೀ! ದೇವರಂಥ ಮನುಷ್ಯ. ಒಂದು ಥ್ಯಾಂಕ್ಸ್ ಆದ್ರೂ ಹೇಳಿದ್ರಾ?"

ಅಳಿಯ ಫೋನನ್ನು ಕಿವಿಯಿಂದ ತೆಗೆದ. ಹಜಾರದಲ್ಲಿ ಮಾವ ಕೋಲಿನ ಮೇಲೆ ಎರಡೂ ಕೈಯಿಟ್ಟು, ಶಾಂತವಾಗಿ ಅವನನ್ನೇ ನೋಡುತ್ತಿದ್ದರು. ಅದುರುತ್ತಿದ್ದ ಗದ್ದ ಈಗ ಗಟ್ಟಿಯಾಗಿ ನಿಂತಿತ್ತು.

"ಥ್ಯಾಂಕ್ಸ್ ಮಾವ" ಎಂದ ಅಳಿಯ.

"ಇರ್ಲಿ, ಇರ್ಲಿ" ಎಂದರು ಮಾವ ದೊಡ್ಡ ಮನಸ್ಸಿನಿಂದ. "ತಪ್ಪು ಯಾರು ಮಾಡಲ್ಲ? ನಾಳೆಯಿಂದ ಸ್ವಲ್ಪ ಬೇಗ ಬನ್ನಿ ಅಳಿಯಂದ್ರೇ."